ಮೆಟ್ಟಿಲ ಟ್ಯೂಬ್‌ಲೈಟ್: ಈ ಸಲ ಚೋಕ್, ಹೋಲ್ಡರ್ ಎರಡೂ ಬದಲಿಸೋಣ

ಮನೆ 304: ಎಲ್ಲರಿಗೂ ನಮಸ್ಕಾರ. ಮೂರನೇ ಮಹಡಿ ತಿರುವಿನ ಟ್ಯೂಬ್ ಮತ್ತೆ ಮಿಣಮಿಣ ಅಂತಿದೆ. ಅದು ಹೊಸ ಟ್ಯೂಬ್. ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಒಂದು ತುದಿಯ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿದೆ, ಪಿನ್ ಕೂರುವ ಜಾಗ ಸುಟ್ಟು ಕಪ್ಪಾಗಿದೆ. ಪಿನ್ ಸಡಿಲ ಇದ್ದಷ್ಟು ದಿನ ಅಲ್ಲಿ ಕಿಡಿ ಹಾರಿ ಬಿಸಿಯಾಗ್ತಾನೇ ಇರುತ್ತೆ, ಎಷ್ಟು ಟ್ಯೂಬ್ ತಂದ್ರೂ ಅಷ್ಟೇ. ಕತ್ತಲೆಗಿಂತ ನನಗೆ ಬೆಂಕಿಯದೇ ಭಯ. ದಯವಿಟ್ಟು ಎಲ್ಲರೂ ಅವರವರ ಮಹಡಿಯ ಟ್ಯೂಬ್ ಪಟ್ಟಿ (ಟ್ಯೂಬ್ ಕೂರೋ ಫಿಟ್ಟಿಂಗ್) ನೋಡಿ ಹೇಳಿ. ಯಾರೂ ಮುಟ್ಟಬೇಡಿ.

ಮನೆ 102: ನಮ್ಮ ಬಾಗಿಲ ಎದುರಿಂದು ರಾತ್ರಿಯೆಲ್ಲ ಗುಂಯ್ ಅನ್ನುತ್ತೆ, ಮಗು ಎದ್ದುಬಿಡುತ್ತೆ. ಸ್ಟಾರ್ಟರ್ ಬದಲಿಸಿದ್ರೆ ಸಾಕಾ?

ಮನೆ 207: ಇಲ್ಲ ಮೇಡಂ, ಆ ಸದ್ದು ಚೋಕ್‌ದು, ಅಂದ್ರೆ ಟ್ಯೂಬ್‌ಗೆ ಹೋಗೋ ಕರೆಂಟನ್ನ ಹಿಡಿತದಲ್ಲಿಡೋ ಡಬ್ಬಿದು. ಹಳೇ ಚೋಕ್ ಒಳಗೆ ತಾಮ್ರದ ಸುರುಳಿ, ಕಬ್ಬಿಣದ ತಗಡುಗಳು ಇರ್ತವೆ. 50 ಹರ್ಟ್ಸ್ ಕರೆಂಟಿಗೆ ಆ ತಗಡು ಸೆಕೆಂಡಿಗೆ 100 ಸಲ ಅದುರುತ್ತೆ. ತಗಡು, ಸ್ಕ್ರೂ ಸಡಿಲವಾದಷ್ಟೂ ಸದ್ದು ಜೋರು. ಎಲೆಕ್ಟ್ರಾನಿಕ್ ಚೋಕ್ 20,000 ಹರ್ಟ್ಸ್‌ಗಿಂತ ಮೇಲೆ ಓಡೋದ್ರಿಂದ ಕಿವಿಗೆ ಕೇಳಲ್ಲ, ಸ್ಟಾರ್ಟರೂ ಬೇಡ. ಆದ್ರೆ ವೈರಿಂಗ್ ಬೇರೆ. ಹಳೇ ವೈರ್ ಇದ್ದಂಗೆ ಸಿಕ್ಕಿಸಿದ್ರೆ ಆಗಲ್ಲ, ಚೋಕ್ ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು. 36 ವ್ಯಾಟ್ ಟ್ಯೂಬ್‌ಗೆ 36ರ ಚೋಕೇ ಬೇಕು.

ಮನೆ 401: ಇಷ್ಟೆಲ್ಲ ಯಾಕೆ ಸಾರ್, ಎಲ್‌ಇಡಿ ಟ್ಯೂಬ್ ಹಾಕಿಬಿಡೋಣ.

ಮನೆ 207: ಹಾಕಬಹುದು. ಆದ್ರೆ ಸುಟ್ಟ ಹೋಲ್ಡರ್ ಅಲ್ಲೇ ಉಳಿಯುತ್ತಲ್ಲ? ಅದನ್ನಂತೂ ಬದಲಿಸಲೇಬೇಕು. ಕೆಲವು ಎಲ್‌ಇಡಿ ಟ್ಯೂಬ್‌ಗೆ ಚೋಕ್ ತೆಗೆದು ನೇರ ಕರೆಂಟ್ ಕೊಡಬೇಕಾಗುತ್ತೆ. ಹಾಗೆ ಮಾಡಿದ ಪಟ್ಟಿ ಮೇಲೆ ದೊಡ್ಡದಾಗಿ ಬರೆದು ಅಂಟಿಸಬೇಕು, ಮುಂದೆ ಯಾರೋ ಗೊತ್ತಿಲ್ಲದೆ ಮಾಮೂಲಿ ಟ್ಯೂಬ್ ಸಿಕ್ಕಿಸಿದ್ರೆ ಅಪಾಯ.

ಮನೆ 304: ಬಿರುಕು ಬಿಟ್ಟ ಹೋಲ್ಡರ್ ಎಲ್ಲ ಈಗಲೇ ಬದಲಾಗಲಿ, ಸದ್ದು ಮಾಡೋ ಕಡೆ ಚೋಕ್ ಕೂಡ. ಎಲ್‌ಇಡಿ ವಿಷಯ ಸಭೆಯಲ್ಲಿ ಮಾತಾಡೋಣ. ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಕರೆಸ್ತೀನಿ, ಒಪ್ಪಿಗೆನಾ?

ಮನೆ 207: ಒಪ್ಪಿಗೆ. ಒಂದು ಮಾತು: ಸ್ವಿಚ್ ಆರಿಸಿದ್ರೆ ಸಾಲದು. ಸ್ವಿಚ್ ತಪ್ಪಾಗಿ ನ್ಯೂಟ್ರಲ್ ವೈರ್‌ಗೆ ಕೂತಿದ್ರೆ ದೀಪ ಆರಿದ್ರೂ ಹೋಲ್ಡರ್‌ನಲ್ಲಿ ಫೇಸ್, ಅಂದ್ರೆ ಶಾಕ್ ಹೊಡೆಯೋ ಕರೆಂಟ್, ಇರುತ್ತೆ. ಮೆಟ್ಟಿಲ ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಕರೆಂಟ್ ಪೂರ್ತಿ ಕಡಿಯೋ ಸ್ವಿಚ್) ಇಳಿಸಿ, ಟೆಸ್ಟರ್ ಹಚ್ಚಿ ನೋಡಿದ ಮೇಲೇ ಕೈ ಹಾಕಬೇಕು. ಎಂಸಿಬಿ ಹತ್ತಿರ ನಾನು ನಿಲ್ತೀನಿ, ಯಾರೂ ಮೇಲೆತ್ತದ ಹಾಗೆ. ಪಟ್ಟಿಗಳಿಗೆ ಅರ್ತ್ ವೈರ್ ಇದೆಯಾ ಅಂತಲೂ ಆಗಲೇ ನೋಡಿಸೋಣ.

ಮನೆ 102: ಬಿಚ್ಚಿದ ಹಳೇ ಟ್ಯೂಬ್ ಕಸದ ಡಬ್ಬಕ್ಕಾ?

ಮನೆ 304: ಬೇಡ ಮೇಡಂ, ಒಳಗೆ ಪಾದರಸ ಇರುತ್ತೆ. ಒಡೆಯದ ಹಾಗೆ ರಟ್ಟಿನ ಡಬ್ಬದಲ್ಲಿ ನಿಲ್ಲಿಸಿಡಿ, ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ತೀನಿ. ಹೋಲ್ಡರ್ ತರೋಕೆ ಹಳೇದೊಂದನ್ನ ಜೊತೆಗೇ ಒಯ್ಯಬೇಕು: ದಪ್ಪ ಟ್ಯೂಬ್‌ನ ಪಿನ್ ನಡುವೆ 13 ಮಿ.ಮೀ., ತೆಳ್ಳಗಿನ ಟಿ5ಗೆ 5 ಮಿ.ಮೀ., ಮೇಲಾಗಿ ಪಟ್ಟಿಗೆ ಕೂರೋ ರೀತಿ ಒಂದೊಂದರದ್ದು ಒಂದೊಂದು ಥರ.

ಮನೆ 401: ನಾಲ್ಕನೇ ಮಹಡಿಯಲ್ಲಿ ಎರಡು ಹೋಲ್ಡರ್ ಬಿರುಕು ಬಿಟ್ಟಿವೆ, ಫೋಟೋ ಹಾಕಿದ್ದೀನಿ. ಏಣಿ ನಮ್ಮನೇಲಿದೆ, ಭಾನುವಾರ ಕೆಳಗೆ ತಂದಿಡ್ತೀನಿ.