ಅಲಿಶಾನ್ ಊಲಾಂಗ್ ಸಪ್ಪೆ ಬರ್ತಿದೆ, ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ತೈವಾನಿನ ಅಲಿಶಾನ್ ಬೆಟ್ಟದ ಊಲಾಂಗ್ (ಅರ್ಧ ಹುದುಗಿಸಿದ ಚಹಾ) 50 ಗ್ರಾಂ ಇದೆ. 300 ಮಿ.ಲೀ. ಮಗ್ಗಿಗೆ ಒಂದು ಟೀ ಚಮಚ ಎಲೆ, 80 ಡಿಗ್ರಿ ನೀರು, ಮೂರು ನಿಮಿಷ. ಘಮ ಇದೆ, ರುಚಿಯೇ ಇಲ್ಲ. ಊರು ಬೆಂಗಳೂರು, ಬೋರ್‌ವೆಲ್ ನೀರು. ಬಲ್ಲವರು ತಿಳಿಸಿ.

— 80 ಡಿಗ್ರಿ ಗ್ರೀನ್ ಟೀಗೆ ಸರಿ, ಇದಕ್ಕಲ್ಲ. ಬಿಗಿಯಾಗಿ ಉಂಡೆ ಸುತ್ತಿದ ಎಲೆ ಬಿಚ್ಚಿಕೊಳ್ಳೋಕೆ ಕುದಿಯುವ ನೀರೇ ಬೇಕು. ಬೆಂಗಳೂರಿನ ಎತ್ತರಕ್ಕೆ ನೀರು ಕುದಿಯೋದೇ ಸುಮಾರು 97ಕ್ಕೆ, ಆರಲು ಬಿಡಬೇಡಿ. 100–120 ಮಿ.ಲೀ. ಹಿಡಿಯುವ ಮುಚ್ಚಳದ ಪಿಂಗಾಣಿ ಬಟ್ಟಲನ್ನು (ಗೈವಾನ್) ಬಿಸಿನೀರಲ್ಲಿ ತೊಳೆದು 5–6 ಗ್ರಾಂ ಎಲೆ ಹಾಕಿ. ಮೊದಲ ಸಲ 50–60 ಸೆಕೆಂಡ್. ಎರಡನೆಯದಕ್ಕೆ 40 ಸಾಕು, ಎಲೆ ಆಗಲೇ ಅರಳಿರುತ್ತೆ. ಆಮೇಲೆ ಪ್ರತಿ ಸಲ 15–20 ಸೆಕೆಂಡ್ ಏರಿಸುತ್ತ ಹೋದರೆ ಐದಾರು ಸಲ ಆರಾಮಾಗಿ ಬರುತ್ತೆ. ಪ್ರತಿ ಸಲವೂ ಕೊನೆ ಹನಿವರೆಗೆ ಬಸಿಯಿರಿ, ತಳದಲ್ಲಿ ನೀರು ಉಳಿದರೆ ಮುಂದಿನದು ಒಗರು. ಒಣ ಉಂಡೆ ತಳ ಮುಚ್ಚಿದರೆ ಸಾಕು. ಕಮ್ಮಿ ಅನ್ನಿಸಿ ಇನ್ನಷ್ಟು ಸುರಿದರೆ ಎಲೆ ಅರಳಲು ಜಾಗ ಸಿಗದೆ ನಡುವಿನದು ಹಾಗೇ ಉಳಿಯುತ್ತೆ.

— ಮಗ್ಗೂ ನಡೆಯುತ್ತೆ ಸ್ವಾಮಿ, ಗೈವಾನೇ ಆಗಬೇಕೆಂದಿಲ್ಲ. ಟೀ ಪರೀಕ್ಷಿಸುವವರ ಲೆಕ್ಕ: 150 ಮಿ.ಲೀ. ಕುದಿನೀರಿಗೆ 3 ಗ್ರಾಂ, ಆರು ನಿಮಿಷ. ಕೀಳು ಎಲೆಯ ಕಹಿಯೆಲ್ಲ ಇದರಲ್ಲಿ ಹೊರಬೀಳುತ್ತೆ. ಕುಡಿಯಲು ನಾಲ್ಕು ನಿಮಿಷ ಸಾಕು. ನಿಮ್ಮ ಒಂದು ಚಮಚ ಸುಮಾರು 3 ಗ್ರಾಂ, 300 ಮಿ.ಲೀ.ಗೆ ಅರ್ಧಪಾಲು ಮಾತ್ರ.

— ನೀರಿನ ಕಡೆಯೂ ನೋಡಿ. ಗಡಸು ಬೋರ್‌ವೆಲ್ ನೀರಲ್ಲಿ ಬಣ್ಣ ಕಪ್ಪಾಗಿ ಮೇಲೆ ಕೆನೆಯಂಥ ಪೊರೆ ಕಟ್ಟುತ್ತೆ, ಹೂವಿನ ಘಮ ಸಾಯುತ್ತೆ. ಬರೀ ಆರ್‌ಒ ನೀರಾದರೆ ಬೋಳು. ಆರ್‌ಒಗೆ ಸ್ವಲ್ಪ ಬೋರ್ ನೀರು ಬೆರೆಸಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 50–100ರ ಆಸುಪಾಸು ತನ್ನಿ.

— ನಿರೀಕ್ಷೆಯನ್ನೂ ತಿದ್ದಿಕೊಳ್ಳಬೇಕು. 1000 ಮೀಟರ್ ಮೇಲಿನ ತೋಟದ್ದನ್ನೇ ತೈವಾನಿನಲ್ಲಿ ‘ಗಾವ್‌ಶಾನ್’ (ಎತ್ತರದ ಬೆಟ್ಟ) ಚಹಾ ಅನ್ನೋದು. ಅಲ್ಲಿನದೇ ಲಿಶಾನ್ ಬೆಟ್ಟ ಅಲಿಶಾನಿಗಿಂತ ಇನ್ನೂ ಮೇಲೆ. ಮಂಜು, ರಾತ್ರಿ ಚಳಿಗೆ ಎಲೆ ನಿಧಾನ ಬೆಳೆದು ದಪ್ಪಗಾಗುತ್ತೆ, ಒಗರು ಕಡಿಮೆ. ಕಡಕ್ ಚಹಾದ ಹೊಡೆತ ಇಲ್ಲಿ ಹುಡುಕಬೇಡಿ. ನಾಲಿಗೆ ಮೇಲಿನ ನುಣುಪು, ನುಂಗಿದ ಮೇಲೆ ಗಂಟಲಿಗೆ ಮರಳುವ ಸಿಹಿ, ಇದಕ್ಕೇ ಇಷ್ಟು ಬೆಲೆ. ಜಿನ್ ಶುವಾನ್ ಎಂಬ ಚಹಾ ಗಿಡದ ತಳಿಗೆ ಹಾಲಿನ ಛಾಯೆ ಸಹಜ, ಆದರೆ ತೆಳು. ಪ್ಯಾಕೆಟ್ ತೆರೆದ ಕೂಡಲೇ ಬೆಣ್ಣೆ ಬಿಸ್ಕತ್ತು ವಾಸನೆ ಹೊಡೆದರೆ ಎಸೆನ್ಸ್ ಬೆರೆಸಿದ್ದಾರೆ ಅಂತಲೇ ತಿಳಿಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದ. ಉಳಿದ ಎಲೆ ಫ್ರಿಜ್ಜಿನಲ್ಲಿ ಇಡಬಹುದಾ?

— ಗಾಳಿಯಾಡದಂತೆ ಸೀಲ್ ಮಾಡಿದ್ದರೆ ಮಾತ್ರ. ಹೊರತೆಗೆದ ಮೇಲೆ ಪ್ಯಾಕೆಟ್ಟಿನ ತಂಪು ಪೂರ್ತಿ ಹೋಗುವ ತನಕ ತೆರೆಯಬೇಡಿ, ಒಳಗೆ ಬೆವರಿ ಎಲೆ ಕೆಡುತ್ತೆ. ಸಾರಿನ ಪುಡಿ ಡಬ್ಬದ ಪಕ್ಕ ಅಂತೂ ಬೇಡ. ತೆರೆದದ್ದನ್ನು ಒಂದೆರಡು ತಿಂಗಳಲ್ಲಿ ಮುಗಿಸಿ. ಬೇಸಿಗೆಗೆ ಲೀಟರ್ ತಣ್ಣೀರಿಗೆ 8–10 ಗ್ರಾಂ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಸಿದ್ಧ.