ಯೆಜ್ಡಿ ರೋಡ್‌ಕಿಂಗ್ ಏರಿನಲ್ಲಿ ಎಳೆಯುತ್ತಿಲ್ಲ, ಬೋರ್ ಮಾಡಿಸಿದರೂ ಅದೇ ಕಥೆ

ಮೂಡಿಗೆರೆ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನದು 1986ರ ರೋಡ್‌ಕಿಂಗ್ ಬೈಕ್. ಸಮ ರಸ್ತೆಯಲ್ಲಿ ಹೇಗೋ ಓಡುತ್ತದೆ, ಏರು ಬಂತೆಂದರೆ ಮುಗೀತು. ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲೂ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಇನ್ನೂ ಮಂದ. ಪ್ಲಗ್ ತೆಗೆದು ನೋಡಿದರೆ ಕಪ್ಪಗೆ, ಒದ್ದೆ. ಗ್ಯಾರೇಜಿನವರು ಮೊದಲು ಕಾರ್ಬೊರೇಟರ್ ತೊಳೆದರು, ಆಮೇಲೆ ಸಿಲಿಂಡರ್ ಬೋರ್ ಮಾಡಿಸಿ (ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕಿದರು, ಅದೂ ಆಗಲಿಲ್ಲ ಅಂತ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಚಿಕ್ಕದು ಹಾಕಿಕೊಟ್ಟರು. ಪ್ಲಗ್ ಸ್ವಲ್ಪ ಒಣಗಿದೆ, ಪಿಕಪ್ ಮಾತ್ರ ಹಾಗೇ ಇದೆ. ಈಗ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಸುತ್ತಲಿನ ರಬ್ಬರ್ ಬಿರಡೆ) ಹೋಗಿರಬೇಕು, ಇಂಜಿನ್ ಇಳಿಸೋಣ ಅನ್ನುತ್ತಿದ್ದಾರೆ. ಇಳಿಸಲಾ? ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ 2ಟಿ (ಟೂ ಸ್ಟ್ರೋಕ್ ಇಂಜಿನಿನ) ಆಯಿಲ್ ಹಾಕುತ್ತೇನೆ.

ಫುಲ್ ಥ್ರಾಟಲ್:
ಎರಡೂ ಸೈಲೆನ್ಸರಿನ ಬ್ಯಾಫಲ್ (ಒಳಗಿನ ತೂತುಗಳ ಕೊಳವೆ) ಕಿತ್ತು ಹಾಕಿ ಗುರು. ಗಾಳಿ ಫ್ರೀಯಾಗಿ ಹೋಗಲಿ. ಸೌಂಡೂ ಬರುತ್ತದೆ, ಪಿಕಪ್ಪೂ ಬರುತ್ತದೆ.

ಹಳೇ ಜಾವಾ:
ದಯವಿಟ್ಟು ಈಗಲೇ ಇಂಜಿನ್ ಇಳಿಸಬೇಡಿ. ಬ್ಯಾಫಲನ್ನು ಕಿತ್ತು ಬಿಸಾಕಲೂ ಬೇಡಿ.

ಮೊದಲು ಸೀಲ್ ವಿಷಯ. ಕ್ಲಚ್ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್‌ಬಾಕ್ಸ್ ಆಯಿಲನ್ನೇ ಎಳೆದು ಸುಡುತ್ತದೆ. ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಗೇರ್‌ಬಾಕ್ಸ್ ಆಯಿಲ್ ಇಳಿಯುತ್ತಾ ಹೋಗುತ್ತದೆ. ನೀವು ಅದ್ಯಾವುದನ್ನೂ ಹೇಳಿಲ್ಲ. ಆಯಿಲ್ ಲೆವೆಲ್ ಒಮ್ಮೆ ನೋಡಿ, ಸರಿಯಿದ್ದರೆ ಆ ಸೀಲನ್ನು ಸದ್ಯಕ್ಕೆ ಬಿಡಿ.

ನನ್ನ ಅನುಮಾನ ಸೈಲೆನ್ಸರ್ ಮೇಲೆ. ರೋಡ್‌ಕಿಂಗಿಗೆ ಸಿಲಿಂಡರ್ ಒಂದೇ, ಆದರೆ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗುವ ಕಿಂಡಿ) ಎರಡು, ಸೈಲೆನ್ಸರೂ ಎರಡು. ಹೀಗಾಗಿ ಒಂದು ಕಡೆ ಮಸಿ ಕಟ್ಟಿಕೊಂಡರೂ ಗಾಡಿ ನಿಲ್ಲುವುದಿಲ್ಲ, ಇನ್ನೊಂದರಲ್ಲಿ ಹೊಗೆ ಬಿಟ್ಟುಕೊಂಡು ಓಡುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರುಗಳ ಹಿಂದೆ ಅರ್ಧ ಅಡಿ ದೂರದಲ್ಲಿ ಒಂದೊಂದು ಅಂಗೈ ಹಿಡಿಯಿರಿ. ಎರಡೂ ಕೈಗೆ ಒಂದೇ ಸಮ ಹೊಡೆತ ಬಡಿಯಬೇಕು. ಒಂದು ಕಡೆ ಸುಮ್ನೆ ಬೆಚ್ಚಗಿನ ಗಾಳಿ ಸವರಿದ ಹಾಗಿದ್ದರೆ ಅಲ್ಲೇ ಇದೆ ರೋಗ. ಸಿಲಿಂಡರ್ ಹತ್ತಿರ ಬೆಂಡ್ ಪೈಪ್ ಹಿಡಿದಿರುವ ರಿಂಗ್ ನಟ್ ಸುತ್ತ ಕಪ್ಪು ಜಿಡ್ಡು ಇದೆಯಾ ಅದನ್ನೂ ನೋಡಿ. ಇದ್ದರೆ ವಾಷರ್ ಹೋಗಿದೆ ಅಥವಾ ನಟ್ ಸಡಿಲ ಆಗಿದೆ. ಸಡಿಲ ಬಿಟ್ಟುಕೊಂಡೇ ಓಡಿಸಿದರೆ ಸಿಲಿಂಡರಿನ ಥ್ರೆಡ್ಡೇ ಹೋಗುತ್ತದೆ, ಆಮೇಲೆ ಅದು ದೊಡ್ಡ ಕೆಲಸ.

ಪ್ಲಗ್ ಯಾಕೆ ಒದ್ದೆ ಅಂದರೆ, ಸುಟ್ಟ ಗ್ಯಾಸ್ ಪೂರ್ತಿ ಹೊರಗೆ ಹೋಗದೆ ಸಿಲಿಂಡರಿನಲ್ಲೇ ಉಳಿದರೆ ಹೊಸ ಪೆಟ್ರೋಲ್ ಗಾಳಿಗೆ ಜಾಗ ಎಲ್ಲಿ? ಬಂದಷ್ಟೂ ಹಳೇ ಹೊಗೆಯ ಜೊತೆ ಬೆರೆತು ಒಂದು ಸಲ ಉರಿಯುತ್ತದೆ, ಒಂದು ಸಲ ಉರಿಯುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಪೆಟ್ರೋಲ್ ಜಾಸ್ತಿ ಆದ ಹಾಗೆ ಕಾಣುತ್ತದೆ.

ಫುಲ್ ಥ್ರಾಟಲ್ ಅವರೇ, ನೀವು ಹೇಳಿದ್ದು ಬುಲೆಟ್ಟಿಗಾದರೆ ಅಷ್ಟು ಕೆಡುಕಲ್ಲ. ಅದಕ್ಕೆ ವಾಲ್ವ್ ಇದೆ, ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವುದು ಸ್ವಲ್ಪ ಹೊತ್ತು ಮಾತ್ರ. ರೋಡ್‌ಕಿಂಗಿನಂಥ ಟೂ ಸ್ಟ್ರೋಕಿನಲ್ಲಿ ಹೊಸ ಗಾಳಿ ಒಳಗೆ ಬರುವಾಗ ಎಕ್ಸಾಸ್ಟ್ ಪೋರ್ಟ್ ತೆರೆದೇ ಇರುತ್ತದೆ. ಬಂದದ್ದು ಹಾಗೇ ಹೊರಗೆ ಹೋಗದ ಹಾಗೆ ತಡೆಯುವುದು ಪೈಪಿನೊಳಗಿನ ಒತ್ತಡದ ಅಲೆ. ಪೈಪ್ ಅಗಲವಾಗುವ ಕಡೆಯಿಂದ ಬರುವ ಅಲೆ ಸಿಲಿಂಡರನ್ನು ಖಾಲಿ ಮಾಡುತ್ತದೆ, ಕಿರಿದಾಗುವ ಕಡೆಯಿಂದ ವಾಪಸ್ ಬರುವ ಅಲೆ ಹೊರಗೆ ನುಸುಳಿದ್ದನ್ನು ಒಳಗೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜಡ್ ಬೈಕ್ ಕಂಪನಿಯಲ್ಲಿ ಇಂಜಿನಿಯರ್ ವಾಲ್ಟರ್ ಕಾಡೆನ್ ಇದನ್ನೇ ಹಿಡಿದು ಕೂತರು. 1961ರ ಹೊತ್ತಿಗೆ ಬರೀ 125 ಸಿಸಿ ಇಂಜಿನಿನಿಂದ 25 ಅಶ್ವಶಕ್ತಿ ತೆಗೆದರು. ಮೈಸೂರಿನಲ್ಲಿ ತಯಾರಾದ ನಮ್ಮ ಗಾಡಿಯದು ರೇಸ್ ಪೈಪ್ ಅಲ್ಲ, ನಿಜ. ಆದರೂ ಆ ಉದ್ದ, ಆ ಬ್ಯಾಫಲ್ ಲೆಕ್ಕ ಹಾಕಿಯೇ ಇಟ್ಟದ್ದು. ಕಿತ್ತರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೋಗುತ್ತದೆ. ಘಾಟಿಯಲ್ಲಿ ಬೇಕಾಗಿರುವುದೇ ಅದು ಅಲ್ವಾ?

ಮೂಡಿಗೆರೆ ಸವಾರ:
ಗೇರ್‌ಬಾಕ್ಸ್ ಆಯಿಲ್ ಸರಿಯಾಗಿದೆ. ಎಡಗೈಗೆ ಹೊಡೆತ ಇಲ್ಲವೇ ಇಲ್ಲ. ಬ್ಯಾಫಲ್ ಎಳೆದರೆ ಬರಲಿಲ್ಲ, ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟು ತೆಗೆಯಬೇಕಾಯಿತು. ತೂತುಗಳೆಲ್ಲ ಟಾರಿನಂಥ ಮಸಿಯಿಂದ ಮುಚ್ಚಿಹೋಗಿವೆ, ಬೆರಳೆಣಿಕೆಯಷ್ಟು ಮಾತ್ರ ಕಾಣುತ್ತಿವೆ. ಹೇಗೆ ಕ್ಲೀನ್ ಮಾಡುವುದು?

ಹಳೇ ಜಾವಾ:
ಸೀಮೆಎಣ್ಣೆ ಪೂರ್ತಿ ಒರೆಸಿ ಒಣಗಿಸಿ, ಬ್ಲೋಲ್ಯಾಂಪಿನಲ್ಲಿ ಕೆಂಪಗಾಗುವವರೆಗೆ ಸುಟ್ಟು ವೈರ್ ಬ್ರಷ್ ಹಾಕಿ, ಬಯಲಲ್ಲೇ ಮಾಡಿ. ಸೈಲೆನ್ಸರಿನ ಒಳಗೆ ಕಾಸ್ಟಿಕ್ ಸೋಡಾ ನೀರು ತುಂಬಿಸಿ ಒಂದು ದಿನ ಬಿಡಿ. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಗ್ಲೌಸ್, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗಕ್ಕೆ ತಾಗಿಸಲೇಬೇಡಿ, ತಿಂದುಹಾಕುತ್ತದೆ. ಬೆಂಡ್ ಪೈಪ್ ಬಿಚ್ಚಿದಾಗ ಪಿಸ್ಟನ್ ಮೇಲೆ ತಂದು ಪೋರ್ಟ್ ಮುಚ್ಚಿಕೊಂಡು, ಅಲ್ಲಿರುವ ಮಸಿಯನ್ನು ಮರದ ಕಡ್ಡಿಯಲ್ಲಿ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಗೀರಾಗುತ್ತದೆ.

ಮೂಡಿಗೆರೆ ಸವಾರ:
ಅಣ್ಣ, ಹೊಸ ವಾಷರ್ ಹಾಕಿ ಕಟ್ಟಿದೆ. ಮೂರನೇ ಗೇರಿನಲ್ಲಿ ಏರು ಹತ್ತಿತು! ತುಂಬಾ ತುಂಬಾ ಥ್ಯಾಂಕ್ಸ್. ಪ್ಲಗ್ ಈಗ ಬೆಳ್ಳಗೆ, ಒಣಗಿ ಇದೆ. ಒಳ್ಳೆಯದೇ ಅಲ್ವಾ?

ಹಳೇ ಜಾವಾ:
ಇಲ್ಲ! ಗಾಡಿ ನಿಲ್ಲಿಸಿ. ಗ್ಯಾರೇಜಿನವರು ಹಾಕಿದ ಚಿಕ್ಕ ಜೆಟ್ ಇನ್ನೂ ಅಲ್ಲೇ ಇದೆ. ಮುಚ್ಚಿದ್ದ ಸೈಲೆನ್ಸರಿಗೆ ಅದು ಹೇಗೋ ನಡೆಯಿತು, ಈಗ ಗಾಳಿ ಪೂರ್ತಿ ಹೋಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುವುದರಿಂದ ಅದೂ ಕಡಿಮೆ. ಒಂದು ಉದ್ದದ ಏರಿನಲ್ಲಿ ಹೊಸ ಪಿಸ್ಟನ್ ಸೀಜ್ ಆಗುತ್ತದೆ (ಬಿಸಿಗೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ). ಕಂಪನಿ ನಂಬರಿನ ಜೆಟ್ಟನ್ನೇ ವಾಪಸ್ ಹಾಕಿ, ಆಮೇಲೆ ಪ್ಲಗ್ ನೋಡಿ ಹೇಳಿ.

ಮೂಡಿಗೆರೆ ಸವಾರ:
ಹಳೇ ಜೆಟ್ ಗ್ಯಾರೇಜಿನಲ್ಲೇ ಇತ್ತು, ಹಾಕಿದೆ. ಪ್ಲಗ್ ಕಾಫಿಪುಡಿ ಬಣ್ಣಕ್ಕೆ ಬಂದಿದೆ. ಮುಂದಿನ ವಾರ ಬಲಗಡೆಯ ಬ್ಯಾಫಲೂ ಬಿಚ್ಚುತ್ತೇನೆ.