ಅಳಿವೆಯಲ್ಲಿ ನೀರಿನ ಮಟ್ಟ ಇಳಿಯತೊಡಗಿದರೂ ಹರಿವು ಮೇಲ್ಗಡೆಗೇ ಇರುವುದೇಕೆ? ಹೊರಡುವ ಹೊತ್ತನ್ನು ಹೇಗೆ ಗೊತ್ತುಮಾಡಬೇಕು?

ಪ್ರಶ್ನೆ — ಹೊಸಹಾಯಿ

ಎಲ್ಲರಿಗೂ ನಮಸ್ಕಾರ. ಎತ್ತಿ ಇಳಿಸಬಹುದಾದ ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿನೊಳಕ್ಕೆ ಇಳಿಯುವ ಹಲಗೆ) ಇರುವ 5 ಮೀಟರ್ ಉದ್ದದ ಹಾಯಿದೋಣಿ ನನ್ನದು. ಇದುವರೆಗೆ ಕೆರೆ, ಹಿನ್ನೀರುಗಳಲ್ಲಷ್ಟೇ ಓಡಿಸಿ ಅಭ್ಯಾಸವಿರುವುದರಿಂದ ಗಾಳಿಯ ಲೆಕ್ಕ ಒಂದು ಮಟ್ಟಿಗೆ ತಿಳಿದಿದೆ. ಆದರೆ ನೀರೇ ಚಲಿಸುವ ಜಾಗದಲ್ಲಿ ಹಾಯಿ ಬಿಚ್ಚುವುದು ನನಗೆ ಹೊಸದು. ಉಬ್ಬರವಿಳಿತದ ಕೋಷ್ಟಕದಲ್ಲಿ ಪೂರ್ಣ ಉಬ್ಬರಕ್ಕೆ ಕೊಟ್ಟಿರುವ ಹೊತ್ತು ಕಳೆದು ಅರ್ಧ ಗಂಟೆಯಾದ ಮೇಲೂ ಹರಿವು ನದಿಯ ಮೇಲ್ಗಡೆಗೇ ಇರುವುದನ್ನು ಗಮನಿಸಿದ್ದೇನೆ. ದಡದ ಕಲ್ಲುಗಳ ಮೇಲಿನ ಒದ್ದೆಗೆರೆ ಆಗಲೇ ನೀರಿಗಿಂತ ಎರಡು ಬೆರಳು ಮೇಲಿತ್ತು, ಎಂದರೆ ಮಟ್ಟ ಇಳಿಯತೊಡಗಿತ್ತು. ತಳಕ್ಕೆ ಕಟ್ಟಿ ತೇಲಬಿಟ್ಟ ಗುರುತಾದ ಬೋಯದ ಹಿಂದಿನ ನೊರೆಯ ಬಾಲ ಮಾತ್ರ ಇನ್ನೂ ಒಳನಾಡಿನ ಕಡೆಗೇ ಚಾಚಿಕೊಂಡಿತ್ತು.

ಅಳಿವೆಯ ಬಾಯಿಯ ಹತ್ತಿರದಿಂದ ಸುಮಾರು 10 ನಾಟಿಕಲ್ ಮೈಲಿ ಮೇಲಕ್ಕೆ ಹೋಗಿ, ಒಂದು ರಾತ್ರಿ ಲಂಗರು ಹಾಕಿ ದೋಣಿಯಲ್ಲೇ ಮಲಗಿ, ಮರುದಿನ ಹಿಂದಿರುಗಬೇಕೆಂಬ ಆಸೆಯಿದೆ. ಕೋಷ್ಟಕವನ್ನು ನಂಬಬೇಕೋ, ಕಣ್ಣನ್ನು ನಂಬಬೇಕೋ? ಹೊರಡುವ ಹೊತ್ತನ್ನು ನೀವು ಹೇಗೆ ನಿರ್ಧರಿಸುತ್ತೀರಿ?

ಉತ್ತರ 1 — ಕೂವೆಮರ

ಎರಡನ್ನೂ ನಂಬಬಹುದು. ಅವು ಹೇಳುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಕೋಷ್ಟಕ ಕೊಡುವುದು ನೀರಿನ ಎತ್ತರವನ್ನು. ಅದೂ ಸಾಮಾನ್ಯವಾಗಿ ಬಂದರಿನ ಅಥವಾ ಅಳಿವೆಬಾಯಿಯ ಒಂದು ಗೊತ್ತಾದ ಜಾಗದ ಎತ್ತರವನ್ನು. ಹರಿವು ಯಾವಾಗ ತಿರುಗುತ್ತದೆ ಎಂಬುದು ಅದರೊಳಗೆ ಇರುವುದಿಲ್ಲ. ಉಬ್ಬರವೆಂದರೆ ಕಡಲಿನಿಂದ ಒಳಕ್ಕೆ ಸಾಗಿಬರುವ ಬಹಳ ಉದ್ದವಾದ ಅಲೆ. ಅಳಿವೆ ಗಿಡ್ಡವಾಗಿದ್ದು, ಅಲೆ ಒಳಗಿನ ಕೊನೆಗೆ ಬಡಿದು ಮರಳುವಂತಿದ್ದರೆ, ನೀರು ತುಂಬಿದ ಕೂಡಲೇ ಹರಿವೂ ನಿಲ್ಲುತ್ತದೆ. ಉದ್ದವಾದ ನದಿಯಲ್ಲಿ ಅಲೆ ಮುಂದೆ ಮುಂದೆ ಸಾಗುತ್ತಲೇ ಇರುವುದರಿಂದ, ನಿಮ್ಮ ಪಕ್ಕದಲ್ಲಿ ಮಟ್ಟ ಇಳಿಯತೊಡಗಿದಾಗಲೂ ಮೇಲಿನ ಹರವುಗಳು ಇನ್ನೂ ತುಂಬುತ್ತಿರುತ್ತವೆ, ಮತ್ತು ಅವುಗಳಿಗೆ ಬೇಕಾದ ನೀರು ನಿಮ್ಮನ್ನು ದಾಟಿಯೇ ಹೋಗಬೇಕಾಗುತ್ತದೆ. ನೀವು ಕಂಡದ್ದು ಅದನ್ನೇ.

ಅಲೆಯ ವೇಗ ಆಳವನ್ನು ಅವಲಂಬಿಸಿದೆ: 5 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 7 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ನೀವು ಹೇಳುವ 10 ನಾಟಿಕಲ್ ಮೈಲಿ 18.5 ಕಿಲೋಮೀಟರ್ ಆಗುತ್ತದೆ. ಆದ್ದರಿಂದ ಅಲ್ಲಿ ಪೂರ್ಣ ಉಬ್ಬರ ಬಾಯಿಗಿಂತ ಮುಕ್ಕಾಲು ಗಂಟೆಯಷ್ಟು ತಡವಾಗಿ ಬಂದರೆ ಆಶ್ಚರ್ಯವಿಲ್ಲ. ಇದರ ಜೊತೆಗೆ, ಅಲೆಯ ತುದಿ, ಅಂದರೆ ಪೂರ್ಣ ಉಬ್ಬರ, ಆಳವಾದ ನೀರಿನಲ್ಲಿ ಸಾಗುತ್ತದೆ, ತಗ್ಗು, ಅಂದರೆ ಪೂರ್ಣ ಇಳಿತ, ಆಳವಿಲ್ಲದ ನೀರಿನಲ್ಲಿ ತೆವಳುತ್ತದೆ. ಹೀಗಾಗಿ ಮೇಲಕ್ಕೆ ಹೋದಂತೆ ತುದಿಯು ತಗ್ಗನ್ನು ಸಮೀಪಿಸುತ್ತಾ, ಏರುನೀರಿನ ಅವಧಿ ಗಿಡ್ಡವಾಗಿಯೂ ಇಳಿನೀರಿನ ಅವಧಿ ಉದ್ದವಾಗಿಯೂ ಆಗುತ್ತದೆ. ಇದೇ ಸಂಗತಿ ಅತಿಗೆ ಹೋದಾಗ ಹೂಗ್ಲಿ, ಸೆವರ್ನ್, ಚೀನದ ಚಿಯಾಂಟಾಂಗ್ ನದಿಗಳಲ್ಲಿ ಏರುನೀರು ಗೋಡೆಯಂತೆ ಎದ್ದು ನದಿಯೊಳಕ್ಕೆ ನುಗ್ಗುತ್ತದೆ. ಏರಿಕೆಯ ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಮುಂದೆ ಎರಡು, ಮೂರು, ಮೂರು, ಎರಡು, ಒಂದು ಪಾಲು ಎಂಬ ಲೆಕ್ಕವನ್ನು ಹಾಯಿ ಕಲಿಸುವವರೆಲ್ಲ ಹೇಳಿಕೊಡುತ್ತಾರಷ್ಟೆ. ಬಾಯಿಯ ಹತ್ತಿರ ಅದು ಕೆಲಸಕ್ಕೆ ಬರುತ್ತದೆ, ನದಿಯ ಮೇಲ್ಭಾಗದಲ್ಲಿ ಅದನ್ನು ಮರೆತುಬಿಡುವುದೇ ಒಳ್ಳೆಯದು.

ಮಳೆಯ ನೀರು ಸೇರಿಕೊಂಡಾಗ ಎಲ್ಲವೂ ಮತ್ತೊಮ್ಮೆ ಬದಲಾಗುತ್ತದೆ. ಸಿಹಿನೀರು ಹಗುರವಾದ್ದರಿಂದ ಮೇಲೆ ಹರಿಯುತ್ತದೆ, ಉಪ್ಪುನೀರು ತಳದಲ್ಲಿ ಬೆಣೆಯಂತೆ ಒಳನುಗ್ಗುತ್ತದೆ. ಮೇಲ್ಮೈಯಲ್ಲಿ ಇನ್ನೂ ಇಳಿಹರಿವೇ ಇರುವಾಗ ತಳದಲ್ಲಿ ಏರುಹರಿವು ಆರಂಭವಾಗಿರುವುದುಂಟು. ಮೇಲೆ ತೇಲುವ ಎಲೆಯನ್ನು ನೋಡಿ ಮಾಡಿದ ತೀರ್ಮಾನ ಸೆಂಟರ್‌ಬೋರ್ಡಿನ ತುದಿಗೆ ಒಪ್ಪದಿರಬಹುದು.

ಉತ್ತರ 2 — ಅಂಬಿಗ

ಕೂವೆಮರ ಅವರ ವಿವರಣೆಯನ್ನು ಪ್ರಯಾಣಕ್ಕೆ ಅನ್ವಯಿಸಿ ನೋಡೋಣ. ನಿಮ್ಮ ದೋಣಿ ನೀರಿನ ಮೇಲೆ 3 ನಾಟ್ (ಗಂಟೆಗೆ 3 ನಾಟಿಕಲ್ ಮೈಲಿ) ವೇಗದಲ್ಲಿ ಸಾಗುತ್ತದೆ, ಹರಿವು 2 ನಾಟ್ ಇದೆ ಎಂದಿಟ್ಟುಕೊಳ್ಳಿ. ಹರಿವಿನ ಜೊತೆ ಹೋದರೆ ನೆಲದ ಲೆಕ್ಕದಲ್ಲಿ 5 ನಾಟ್, ಎದುರು ಹೋದರೆ 1 ನಾಟ್. ಹತ್ತು ಮೈಲಿಗೆ ಒಂದು ಕಡೆ ಎರಡು ಗಂಟೆ, ಇನ್ನೊಂದು ಕಡೆ ಹತ್ತು ಗಂಟೆ. ಆದರೆ ಹತ್ತು ಗಂಟೆಯವರೆಗೆ ಹರಿವು ಒಂದೇ ದಿಕ್ಕಿನಲ್ಲಿ ಇರುವುದೇ ಇಲ್ಲ. ಎದುರುಗಾಳಿಯಲ್ಲಿ ಓರೆಯೋರೆಯಾಗಿ ಏರಬೇಕಾಗಿ ಬಂದರೆ ಎದುರುಹರಿವಿನಲ್ಲಿ ಅಷ್ಟೂ ಹೊತ್ತು ದುಡಿದು ಹೊರಟ ಜಾಗದಲ್ಲೇ ಉಳಿಯುತ್ತೀರಿ. ಹಾಗಾಗಿ ಅಳಿವೆಯಲ್ಲಿ ಮೊದಲು ನೀರನ್ನು ನೋಡಿ ದಿನ ಗೊತ್ತುಮಾಡಿಕೊಂಡು, ಗಾಳಿಯನ್ನು ಆಮೇಲೆ ವಿಚಾರಿಸುವುದು ನನ್ನ ಪದ್ಧತಿ.

ಮೇಲಕ್ಕೆ ಹೋಗುವಾಗ ನೀವು ಅಲೆಯ ದಿಕ್ಕಿನಲ್ಲೇ ಸಾಗುವುದರಿಂದ, ಮೇಲ್ಗಡೆ ನೀರು ತಿರುಗುವ ಹೊತ್ತು ನಿಮಗಾಗಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಅನುಕೂಲದ ಹರಿವು ಕೋಷ್ಟಕ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಸಿಗುತ್ತದೆ. ಕೆಳಕ್ಕೆ ಬರುವಾಗ ಇದು ತಿರುಗುಮುರುಗು: ಮುಂದಿನ ಏರುನೀರು ಎದುರಿನಿಂದ ನಿಮ್ಮನ್ನು ಹುಡುಕಿಕೊಂಡು ಬರುತ್ತಿರುತ್ತದೆ. ಹಾಗಾಗಿ ಹಿಂದಿರುಗುವ ದಿನ ಬೆಳಗಿನ ಅರ್ಧ ಗಂಟೆಯ ಸೋಮಾರಿತನಕ್ಕೆ ಮಧ್ಯಾಹ್ನ ಹೆಚ್ಚು ಬೆಲೆ ತೆರಬೇಕಾಗುತ್ತದೆ.

ಹೊರಡುವುದಕ್ಕೆ ಪೂರ್ಣ ಇಳಿತದ ಕ್ಷಣವೇ ಸರಿ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಳಿತವಾಗಿ ಒಂದೂವರೆ ಎರಡು ಗಂಟೆ ಕಳೆದ ಮೇಲೆ ಹೊರಟರೆ ಏರುನೀರು ಬಲವಾಗಿರುತ್ತದೆ, ಮರಳುದಿಬ್ಬಗಳ ಅಂಚು ಇನ್ನೂ ಕಣ್ಣಿಗೆ ಕಾಣುತ್ತಿರುತ್ತದೆ, ತಳ ತಾಗಿದರೂ ಏರುತ್ತಿರುವ ನೀರೇ ಕೆಲವು ನಿಮಿಷಗಳಲ್ಲಿ ಎತ್ತಿ ಬಿಡಿಸುತ್ತದೆ. ತಿರುವುಗಳಲ್ಲಿ ಹೊರಮಗ್ಗುಲು ಆಳ, ಒಳಮಗ್ಗುಲಲ್ಲಿ ಹೂಳು. ಅಡ್ಡದಾರಿ ಹಿಡಿದು ಒಳಮಗ್ಗುಲನ್ನು ಕತ್ತರಿಸುವ ಆಸೆ ಬೇಡ. ಎದುರುಹರಿವಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ದಡದ ಅಂಚಿನ ತೆಳುನೀರು ಉಪಯೋಗಕ್ಕೆ ಬರುತ್ತದೆ: ಅಲ್ಲಿ ಸೆಳೆತ ಕಡಿಮೆ, ಹರಿವು ನಡುಗಾಲುವೆಗಿಂತ ಮೊದಲೇ ತಿರುಗುತ್ತದೆ, ಮೂಲೆಗಳ ಹಿಂದೆ ಹಿಮ್ಮುಖವಾಗಿ ಸುತ್ತುವ ನೀರೂ ಸಿಗುತ್ತದೆ. ಅಡ್ಡಕ್ಕೆ ದಾಟುವಾಗ ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ಕಂಬ ಮತ್ತು ಅದರ ಹಿಂದಿನ ಮರವನ್ನು, ಒಂದೇ ಗೆರೆಯಲ್ಲಿ ಇಟ್ಟುಕೊಂಡು ಸಾಗಿ. ಅವು ಬೇರೆಯಾದ ಕೂಡಲೇ ಹರಿವು ನಿಮ್ಮನ್ನು ಎತ್ತ ಒಯ್ಯುತ್ತಿದೆ ಎಂಬುದು ತಿಳಿಯುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗಳಾಗಿ ಒಂದೆರಡು ದಿನಕ್ಕೆ ಉಬ್ಬರ ಅತಿ ದೊಡ್ಡದು. ಅಷ್ಟಮಿಗಳ ಆಸುಪಾಸಿನಲ್ಲಿ ಅತಿ ಚಿಕ್ಕದು. ಮೊದಲ ಪ್ರಯಾಣವನ್ನು ಅಷ್ಟಮಿಯ ವಾರದಲ್ಲಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ, ಆಗ ಸೆಳೆತ ಸೌಮ್ಯವಾಗಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹಿಂದಿರುಗುವ ದಿನದ ಇಳಿನೀರು ಬೆಳಗಿನಲ್ಲೇ ಬೀಳುವಂತೆ ನೋಡಿಕೊಳ್ಳಿ. ಮಧ್ಯಾಹ್ನ ಕಡಲಗಾಳಿ ಒಳಕ್ಕೆ ಬೀಸತೊಡಗುತ್ತದೆ. ಹೊರಕ್ಕೆ ಓಡುವ ಇಳಿನೀರಿನ ಎದುರಿಗೆ ಆ ಗಾಳಿ ಬಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. 5 ಮೀಟರಿನ ದೋಣಿಗೆ ಅದು ಹಿತವಲ್ಲ. ಬಾಯಿಯ ಮರಳುದಂಡೆಯ ಮೇಲಂತೂ ಅದೇ ಹೊತ್ತಿನಲ್ಲಿ ಅಲೆಗಳು ಒಡೆಯುತ್ತವೆ, ಮತ್ತು ಕಡಲ ಕಡೆಯಿಂದ ಬರುವವರಿಗೆ ಅವುಗಳ ಬೆನ್ನು ಮಾತ್ರ ಕಾಣುವುದರಿಂದ ನಿಜವಾದ ಪ್ರಮಾಣ ಗೊತ್ತಾಗುವುದೇ ಇಲ್ಲ. ಮುಂದೊಮ್ಮೆ ಹೊರಗೆ ಹೋಗುವ ಯೋಚನೆ ಬಂದಾಗ ಇದು ನೆನಪಿನಲ್ಲಿರಲಿ.

ಉತ್ತರ 3 — ಕೆಸರುಗಾಲು

ರಾತ್ರಿಯ ಲಂಗರಿನ ಬಗ್ಗೆ ಯಾರೂ ಹೇಳಿಲ್ಲ. ಹೊಸಬರಿಗೆ ನಿದ್ದೆಗೆಡಿಸುವುದು ಅದೇ. ಹಗ್ಗದ ಅಳತೆಯನ್ನು ಲಂಗರು ಹಾಕುವ ಹೊತ್ತಿನ ಆಳಕ್ಕೆ ಅಲ್ಲ, ಪೂರ್ಣ ಉಬ್ಬರದ ಆಳಕ್ಕೆ ಲೆಕ್ಕ ಹಾಕಬೇಕು. ಈಗ 2 ಮೀಟರ್ ಇದ್ದು ಮುಂದೆ 2 ಮೀಟರ್ ಏರುವುದಿದ್ದರೆ, ನೀರಿನಿಂದ ದೋಣಿಯ ಮೂತಿಯ ಎತ್ತರ ಅರ್ಧ ಮೀಟರ್ ಸೇರಿಸಿ ನಾಲ್ಕೂವರೆ. ತುಸು ಸರಪಳಿಯ ಜೊತೆ ಹಗ್ಗ ಬಳಸುವವರು ಅದರ ಐದರಿಂದ ಏಳು ಪಟ್ಟು ಬಿಡುತ್ತಾರೆ, ಅಂದರೆ ಕಡಿಮೆಯೆಂದರೂ 22.5 ಮೀಟರ್. ಅಷ್ಟು ಹಗ್ಗ ಬಿಟ್ಟರೆ ಇಳಿತದಲ್ಲಿ ದೋಣಿ ಎಷ್ಟು ದೊಡ್ಡ ಸುತ್ತು ಹಾಕುತ್ತದೆ, ಆ ಸುತ್ತಿನೊಳಗೆ ಗೂಟವೋ ಬೇರೆ ದೋಣಿಯೋ ಇದೆಯೇ ಎಂಬುದನ್ನು ಬೆಳಕಿರುವಾಗಲೇ ನೋಡಿಕೊಳ್ಳಿ.

ಅಳಿವೆಯಲ್ಲಿ ದೋಣಿ ಗಾಳಿಗಿಂತ ನೀರಿಗೆ ಮುಖಮಾಡಿ ನಿಲ್ಲುತ್ತದೆ. ಸುಮಾರು ಆರು ಗಂಟೆಗೊಮ್ಮೆ ಹರಿವು ತಿರುಗಿದಾಗ ಲಂಗರಿನ ಮೇಲೆ ಎಳೆತವೂ ಎದುರು ದಿಕ್ಕಿನಿಂದ ಬರುತ್ತದೆ. ಆಗ ಕೊಕ್ಕೆ ಕೆಸರಿನಿಂದ ಕಿತ್ತು ಮತ್ತೆ ನಾಟಿಕೊಳ್ಳಬೇಕು. ನಾಟಿಕೊಂಡಿತೇ ಎಂಬುದನ್ನು ಕಣ್ಣಿನಿಂದ ಅಲ್ಲ, ಕೈಯಿಂದ ತಿಳಿಯಬೇಕು: ಮೂತಿಯಲ್ಲಿ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟರೆ, ಹಿಡಿದ ಲಂಗರಿನ ಹಗ್ಗ ಸ್ತಬ್ಧವಾಗಿರುತ್ತದೆ, ಎಳೆದುಕೊಂಡು ಹೋಗುತ್ತಿರುವ ಲಂಗರು ತಳವನ್ನು ಕೆರೆಯುವ ಗರಗರ ಹಗ್ಗದ ಉದ್ದಕ್ಕೂ ಹತ್ತಿ ಬೆರಳಿಗೆ ತಾಗುತ್ತದೆ. ಸೆಂಟರ್‌ಬೋರ್ಡನ್ನು ಪೂರ್ತಿ ಎತ್ತಿಡಿ; ಹರಿವೂ ಗಾಳಿಯೂ ಎದುರುಬದುರಾದಾಗ ದೋಣಿ ತನ್ನ ಹಗ್ಗದ ಮೇಲೆಯೇ ತೇಲಿ ಬಂದು, ಹಗ್ಗ ಬೋರ್ಡಿಗೆ ಸುತ್ತಿಕೊಳ್ಳುವುದುಂಟು.

ದೊಡ್ಡ ದೋಣಿಗಳು ಓಡಾಡುವ ಕಾಲುವೆಯಿಂದ ಹೊರಗೆ ನಿಲ್ಲಿ, ಸುತ್ತಲೂ ಕಾಣುವ ಬಿಳಿ ದೀಪವನ್ನು ಉರಿಸಿ. 7 ಮೀಟರಿಗಿಂತ ಚಿಕ್ಕ ದೋಣಿಗೆ ಕಾಲುವೆಯಿಂದ ದೂರವಿದ್ದಾಗ ಅಂತರರಾಷ್ಟ್ರೀಯ ನಿಯಮಗಳಲ್ಲಿ ವಿನಾಯಿತಿ ಇದೆ, ನಿಜ. ಆದರೆ ಕತ್ತಲಲ್ಲಿ ಬರುವ ಮೀನುಗಾರನಿಗೆ ನಿಮ್ಮ ವಿನಾಯಿತಿ ಕಾಣುವುದಿಲ್ಲ.

ನಿಮ್ಮ ದೋಣಿಯ ಅಡಿ ಚಪ್ಪಟೆಯಾಗಿದ್ದರೆ ಇನ್ನೊಂದು ದಾರಿಯಿದೆ: ಇಳಿತದಲ್ಲಿ ಬೇಕೆಂದೇ ಮೆತ್ತನೆಯ, ಸಮತಟ್ಟಾದ ಕೆಸರಿನ ಮೇಲೆ ಕೂರಿಸಿಬಿಡುವುದು. ನನಗೆ ಇದೇ ಇಷ್ಟ. ಇಳಿಜಾರಿನಲ್ಲಿ ಕೂತರೆ ದೋಣಿ ಎತ್ತರದ ಕಡೆಗೆ ವಾಲುವಂತೆ ಒಳಗಿನ ಭಾರವನ್ನು ಮೊದಲೇ ಸರಿಸಿ. ತಗ್ಗಿನ ಕಡೆಗೆ ವಾಲಿದರೆ ನೀರು ಮರಳಿ ಬಂದಾಗ ದೋಣಿ ತೇಲುವ ಮೊದಲೇ ಅಂಚಿನಿಂದ ಒಳನುಗ್ಗಬಹುದು. ದೋಣಿ ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಕೆಸರಿಗೆ ಮಾತ್ರ ಇಳಿಯಬೇಡಿ, ಅದು ಮೊಣಕಾಲಿಗೆ ನಿಲ್ಲುತ್ತದೋ ಸೊಂಟಕ್ಕೋ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಇದರಲ್ಲಿ ಮಾಡಲೇಬಾರದ ಕೆಲಸ ಒಂದಿದೆ. ಹುಣ್ಣಿಮೆಯ ದೊಡ್ಡ ಉಬ್ಬರದ ತುತ್ತತುದಿಯಲ್ಲಿ ಕೂರಿಸಿದರೆ, ಮುಂದಿನ ಉಬ್ಬರಗಳು ಒಂದಕ್ಕಿಂತ ಒಂದು ಕಡಿಮೆಯಾಗುತ್ತಾ ಹೋಗಿ, ಅಮಾವಾಸ್ಯೆಯವರೆಗೆ ನೀವು ಅಲ್ಲೇ.

ಮರುಪ್ರಶ್ನೆ — ಹೊಸಹಾಯಿ

ಮೂವರಿಗೂ ಧನ್ಯವಾದಗಳು. ಅಷ್ಟಮಿಯ ವಾರವನ್ನೇ ಆರಿಸಿಕೊಳ್ಳುತ್ತೇನೆ. ಒಂದು ಸಂದೇಹ ಉಳಿದಿದೆ: ಹಿಂಬದಿಗೆ ಸಿಕ್ಕಿಸುವ ಚಿಕ್ಕ ಔಟ್‌ಬೋರ್ಡ್ ಮೋಟರ್ ಇದ್ದರೆ ಈ ಲೆಕ್ಕವೆಲ್ಲ ಅಷ್ಟು ಕಟ್ಟುನಿಟ್ಟಾಗಿ ಬೇಕೇ? ಕೋಷ್ಟಕದ ಎತ್ತರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ 4 — ಅಂಬಿಗ

ಮೋಟರ್ ಇರಲಿ. ಗಾಳಿ ಸತ್ತಾಗ ಕಾಲುವೆಯಿಂದ ಬದಿಗೆ ಸರಿಯುವುದಕ್ಕೆ, ಸೇತುವೆಯ ಕಂಬಗಳ ನಡುವೆ ದೋಣಿಯನ್ನು ಹಿಡಿತದಲ್ಲಿಡುವುದಕ್ಕೆ ಅದು ಬೇಕೇ ಬೇಕು. ಆದರೆ ನಿಮ್ಮ ಅಳತೆಯ ದೋಣಿ ನೀರನ್ನು ಸೀಳಿಕೊಂಡು ಆರಾಮವಾಗಿ ಹೋಗುವ ವೇಗದ ಮಿತಿ ಸುಮಾರು 5 ನಾಟ್. ಎಷ್ಟು ದೊಡ್ಡ ಮೋಟರ್ ಕಟ್ಟಿದರೂ ಅದರಾಚೆಗೆ ಇಂಧನ ಸುಡುತ್ತದೆಯೇ ಹೊರತು ದೋಣಿ ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ. ಹುಣ್ಣಿಮೆಯ ಇಳಿನೀರು ಇಕ್ಕಟ್ಟಾದ ಕಡೆ 4 ನಾಟ್ ಓಡುತ್ತಿದ್ದರೆ ನಿಮಗೆ ಉಳಿಯುವುದು ಒಂದೇ. ಮೋಟರನ್ನು ನೆಚ್ಚಿಕೊಂಡವರೂ ಲಂಗರನ್ನು ಮೂತಿಯಲ್ಲಿ ಬಿಡಲು ಸಿದ್ಧವಾಗಿಯೇ ಇಟ್ಟುಕೊಳ್ಳಬೇಕು, ಏಕೆಂದರೆ ಮೋಟರ್ ಕೆಡುವುದು ಸಾಮಾನ್ಯವಾಗಿ ಸೆಳೆತ ಬಲವಾಗಿರುವ ಕಡೆಯಲ್ಲೇ.

ಉತ್ತರ 5 — ಕೂವೆಮರ

ಎತ್ತರದ ವಿಷಯಕ್ಕೆ ಬಂದರೆ, ಕೋಷ್ಟಕ ಸೂರ್ಯಚಂದ್ರರ ಲೆಕ್ಕವನ್ನು ಹೇಳುತ್ತದೆ, ಹವಾಮಾನದ ಲೆಕ್ಕವನ್ನಲ್ಲ. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ, ಹೆಚ್ಚಿದರೆ ಅಷ್ಟೇ ಇಳಿಯುತ್ತದೆ. ದಿನಗಟ್ಟಲೆ ಕಡಲಿನಿಂದ ಬೀಸಿದ ಗಾಳಿ ನೀರನ್ನು ಒಳಗೆ ಒತ್ತಿ ಇನ್ನಷ್ಟು ಏರಿಸುತ್ತದೆ. ನಕ್ಷೆಯಲ್ಲಿ ಅಡಿಗೆರೆ ಹಾಕಿದ ಅಂಕಿಗಳು ಆಳವಲ್ಲ, ಇಳಿತದಲ್ಲಿ ಬಯಲಾಗುವ ನೆಲದ ಎತ್ತರ ಎಂಬುದನ್ನು ಗಮನಿಸಿ. ಆ ಜಾಗದಲ್ಲಿ ನಿಮಗೆ ಸಿಗುವ ಆಳ ತಿಳಿಯಲು ಅದನ್ನು ಉಬ್ಬರದ ಎತ್ತರದಿಂದ ಕಳೆಯಬೇಕು. ಮರಳು ಒಂದು ಮಳೆಗಾಲದಲ್ಲಿ ಜಾಗ ಬದಲಿಸಿಬಿಡುವುದರಿಂದ, ಅರ್ಧ ಮೀಟರಿಗೊಂದರಂತೆ ಬಣ್ಣದ ಗೆರೆ ಹಾಕಿದ ಒಂದು ಉದ್ದನೆಯ ಬಿದಿರುಗಳೆಯನ್ನು ದೋಣಿಯಲ್ಲಿ ಇಟ್ಟುಕೊಳ್ಳಿ. ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಎತ್ತರವನ್ನೂ ಹೊರಡುವ ಮೊದಲೇ ನಕ್ಷೆಯಲ್ಲಿ ಹುಡುಕಿ; ತಂತಿಯ ಕೆಳಗೆ ನಿಮ್ಮ ಹಾಯಿಕಂಬ ನಿಂತಂತೆಯೇ ಹೋಗಬಹುದೇ ಎಂಬುದನ್ನು ಇಳಿತದ ಮಟ್ಟಕ್ಕಲ್ಲ, ಅತಿ ದೊಡ್ಡ ಉಬ್ಬರದ ಮಟ್ಟಕ್ಕೆ ಲೆಕ್ಕ ಹಾಕಬೇಕು, ಮತ್ತು ತಂತಿಗೆ ತಾಗದಿದ್ದರೂ ಹತ್ತಿರ ಬಂದರೆ ಸಾಕು ವಿದ್ಯುತ್ತು ಹಾರಬಲ್ಲದು ಎಂಬ ಕಾರಣಕ್ಕೆ ಧಾರಾಳವಾದ ಅಂತರವನ್ನೂ ಬಿಡಬೇಕು.